ಕೆಲಸದ ಡೈರಿ, ಬಾಕಿಯ ಡೈರಿ: ದಾವಣಗೆರೆಯ ಒಬ್ಬ ಬರಹಗಾರ್ತಿಯ ಪ್ರಕರಣ

ಹಿನ್ನೆಲೆ

ದಾವಣಗೆರೆಯಲ್ಲಿ ಮನೆಯಿಂದಲೇ ಬರೆದು ದುಡಿಯುವ ಒಬ್ಬ ಹೆಣ್ಣುಮಗಳ ಪ್ರಕರಣ ಇದು. ಇಲ್ಲಿ ಅವರನ್ನು ರೇಣುಕಾ ಎಂದು ಕರೆಯುತ್ತೇನೆ. ನಿಜವಾದ ಹೆಸರು ಬೇರೆ. ಬಡಾವಣೆ, ಗ್ರಾಹಕರ ಗುರುತು, ಕೆಲವು ಮೊತ್ತಗಳನ್ನು ಬದಲಿಸಿದ್ದೇನೆ. ಘಟನೆಗಳ ಕ್ರಮ ಮತ್ತು ಅವರು ತೆಗೆದುಕೊಂಡ ತೀರ್ಮಾನಗಳು ನಡೆದಂತೆಯೇ ಇವೆ. ಬರೆಯುವ ಮೊದಲು ಅವರ ಒಪ್ಪಿಗೆ ಪಡೆದಿದ್ದೇನೆ. ಕರಡನ್ನು ಅವರೇ ಓದಿದ್ದಾರೆ.

ನಾನು ಪುಸ್ತಕ ಸಂಪಾದನೆಯ ಕೆಲಸ ಮಾಡುವವನು. ಬರವಣಿಗೆಯನ್ನೇ ನಂಬಿಕೊಂಡ ಹಲವರು ನನಗೆ ಪರಿಚಯ. ಅವರೆಲ್ಲ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಟೈಮೇ ಸಾಲ್ತಿಲ್ಲ ಸರ್, ಏನ್ ಮಾಡ್ಲಿ?" ರೇಣುಕಾ ಕೂಡ ಅದೇ ಪ್ರಶ್ನೆ ಹೊತ್ತು ಬಂದರು. ಅದಕ್ಕೆ ಉತ್ತರ ಗಡಿಯಾರದಲ್ಲಿ ಸಿಗಲಿಲ್ಲ, ಬಾಕಿ ಲೆಕ್ಕದಲ್ಲಿ ಸಿಕ್ಕಿತು. ಇದೇ ಕಷ್ಟದಲ್ಲಿರುವ ಉಳಿದವರಿಗೂ ಉಪಯೋಗವಾಗಬಹುದು ಎಂದು ಪೂರ್ತಿ ಬರೆಯುತ್ತಿದ್ದೇನೆ.

ಅವರಿಗೆ ನಲವತ್ತರ ಆಸುಪಾಸು. ಕನ್ನಡ ಎಂಎ. ಖಾಸಗಿ ಪಿಯು ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದರು. 2020ರಲ್ಲಿ ಕಾಲೇಜು ಮುಚ್ಚಿದಾಗ ಸಂಬಳವೂ ನಿಂತಿತು. ಗೆಳತಿಯೊಬ್ಬರ ಮೂಲಕ ಅನುವಾದದ ಕೆಲಸ ಸಿಕ್ಕಿತು. ಕಾಲೇಜು ತೆರೆದ ಮೇಲೂ ಅವರು ವಾಪಸ್ ಹೋಗಲಿಲ್ಲ. ಗಂಡ ಎಪಿಎಂಸಿ ಯಾರ್ಡಿನ ದಲ್ಲಾಳಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಮಗ ಹೈಸ್ಕೂಲು. ಮನೆಯಲ್ಲಿ ಅತ್ತೆ ಇದ್ದಾರೆ.

2023ರ ಹೊತ್ತಿಗೆ ಅವರ ಕೈಯಲ್ಲಿ ಆರು ಬಗೆಯ ಕೆಲಸ ಇತ್ತು. ಬೆಂಗಳೂರಿನ ಏಜೆನ್ಸಿಯೊಂದಕ್ಕೆ ಬ್ಯಾಂಕು, ವಿಮೆ, ಮೊಬೈಲ್ ಆಪ್‌ಗಳ ಅನುವಾದ. ಪದಕ್ಕೆ 1 ರೂಪಾಯಿ 20 ಪೈಸೆ. ಕೃಷಿಯ ಬಗ್ಗೆ ಇರುವ ಒಂದು ಯೂಟ್ಯೂಬ್ ಚಾನೆಲ್‌ಗೆ ವಾರಕ್ಕೆ ಮೂರು ಸ್ಕ್ರಿಪ್ಟ್. ಸಂಶೋಧನಾ ವಿದ್ಯಾರ್ಥಿಗಳ ಪ್ರಬಂಧದ ಕರಡು ತಿದ್ದುವುದು. ಊರ ಹೊರಗೆ ತೋಳಹುಣಸೆಯಲ್ಲಿ ವಿಶ್ವವಿದ್ಯಾನಿಲಯ ಇರುವುದರಿಂದ ಈ ಕೆಲಸಕ್ಕೆ ಬರ ಇಲ್ಲ. ಶಾಲೆ, ಸಹಕಾರಿ ಸಂಘಗಳ ಸ್ಮರಣ ಸಂಚಿಕೆ ಮತ್ತು ವಾರ್ಷಿಕ ವರದಿ. ಊರಿನ ಹಿರಿಯರೊಬ್ಬರ ಅಭಿನಂದನ ಗ್ರಂಥದ ಸಂಪಾದನೆ. ಕೊನೆಯದು, ಪತ್ರಿಕೆಯೊಂದರ ಪುರವಣಿಗೆ ಹದಿನೈದು ದಿನಕ್ಕೊಂದು ಅಂಕಣ. ದುಡ್ಡು ಕಡಿಮೆ, ಆದರೆ ಅವರು ಬರೆಯಲು ಶುರು ಮಾಡಿದ್ದೇ ಈ ತರಹದ ಬರಹಕ್ಕಾಗಿ.

ಕೆಲಸ ಕೈ ಮೀರಿದ್ದು

ಹೊರಗಿನಿಂದ ನೋಡಿದವರಿಗೆ ಎಲ್ಲ ಚೆನ್ನಾಗಿಯೇ ಇತ್ತು. ಕೆಲಸ ಸಿಗುತ್ತಿಲ್ಲ ಎನ್ನುವವರ ನಡುವೆ ಅವರಿಗೆ ಫೋನ್ ನಿಲ್ಲುತ್ತಲೇ ಇರಲಿಲ್ಲ. ಪ್ರತಿ ಫೋನಿಗೂ ಅವರ ಉತ್ತರ ಒಂದೇ: "ಆಯ್ತು ಸರ್, ಮಾಡಿಕೊಡ್ತೀನಿ."

ಬೆಳಿಗ್ಗೆ ಟಿಫಿನ್ನು, ಮಗನ ಡಬ್ಬಿ, ನಲ್ಲಿ ನೀರು ಬರುವ ದಿನವಾದರೆ ನೀರು ತುಂಬಿಸುವುದು. ಕುಳಿತುಕೊಳ್ಳುವಾಗ ಹತ್ತೂವರೆ. ಹನ್ನೊಂದಕ್ಕೆ ಏಜೆನ್ಸಿಯಿಂದ "ಅರ್ಜೆಂಟ್" ಫೈಲು. ಅದನ್ನು ತೆರೆದು ಅರ್ಧ ಮಾಡುವಷ್ಟರಲ್ಲಿ ಚಾನೆಲ್‌ನವರ ವಾಟ್ಸಾಪ್: ಈರುಳ್ಳಿ ರೇಟು ಬದಲಾಗಿದೆ, ಸ್ಕ್ರಿಪ್ಟ್ ತಿದ್ದಿ ಕೊಡಿ. ಮಧ್ಯಾಹ್ನ ಪ್ರಬಂಧ. ಸಂಜೆ ಸಂಚಿಕೆ ಸಮಿತಿಯವರು ಮನೆಗೇ ಬರುತ್ತಿದ್ದರು. ಅವರಿಗೆ ಚಹಾ ಆಗಬೇಕು. ಅಂಕಣಕ್ಕೆ ಉಳಿಯುತ್ತಿದ್ದುದು ರಾತ್ರಿ ಹತ್ತರ ನಂತರ. ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಕೈ ಹಾಕಿದರೆ ಮೊದಲಿನದರ ಗುಂಗು ತಲೆಯಲ್ಲಿ ಉಳಿದು ಎರಡನೆಯದು ಸೊರಗುತ್ತದೆ ಎಂದು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ತೋರಿಸಿದ್ದರು. ರೇಣುಕಾ ಅವರ ದಿನವೆಲ್ಲ ಇಂಥ ಗುಂಗುಗಳ ಮೇಲೆಯೇ ನಡೆಯುತ್ತಿತ್ತು.

ಕನ್ನಡದಲ್ಲಿ ಬರೆಯುವವರಿಗೆ ಇರುವ ಇನ್ನೊಂದು ಗೋಳು ಇಲ್ಲಿ ಹೇಳಬೇಕು. ಏಜೆನ್ಸಿ, ಚಾನೆಲ್, ಪತ್ರಿಕೆ ಯುನಿಕೋಡ್ ಕೇಳುತ್ತವೆ, ಅಂದರೆ ಯಾವ ಕಂಪ್ಯೂಟರ್, ಫೋನಿನಲ್ಲೂ ಓದಲು ಬರುವ ಅಕ್ಷರ ವ್ಯವಸ್ಥೆ. ಊರಿನ ಡಿಟಿಪಿ ಅಂಗಡಿಗಳಲ್ಲಿ ಇನ್ನೂ ಹಳೆಯ ನುಡಿ ಫಾಂಟು, ಪುಟ ವಿನ್ಯಾಸದ ಹಳೆಯ ತಂತ್ರಾಂಶ ಪೇಜ್‌ಮೇಕರ್ ನಡೆಯುತ್ತದೆ. ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸಿದರೆ ಅರ್ಕಾವತ್ತು ಜಾರುತ್ತದೆ, ಒತ್ತಕ್ಷರ ಒಡೆಯುತ್ತದೆ, ಅಂಕಿಗಳು ಕನ್ನಡದಿಂದ ಇಂಗ್ಲಿಷಿಗೆ ಹಾರುತ್ತವೆ. ಅದನ್ನೆಲ್ಲ ಕಣ್ಣಲ್ಲಿ ಹುಡುಕಿ ಸರಿ ಮಾಡಬೇಕು. ಈ ಹೊತ್ತಿಗೆ ಯಾರೂ ದುಡ್ಡು ಕೊಡುವುದಿಲ್ಲ. ಕೊಡಬೇಕು ಎಂದು ಯಾರಿಗೂ ಹೊಳೆಯುವುದೂ ಇಲ್ಲ.

ಅಕ್ಟೋಬರ್‌ನಿಂದ ಜನವರಿವರೆಗೆ ಇನ್ನೂ ಬಿಗಿ. ದೀಪಾವಳಿ ವಿಶೇಷಾಂಕಗಳು, ನವೆಂಬರ್ 1ರ ರಾಜ್ಯೋತ್ಸವಕ್ಕೆ ಭಾಷಣ, ಕಿರುಹೊತ್ತಿಗೆ, ಆಮೇಲೆ ಶಾಲಾ ವಾರ್ಷಿಕೋತ್ಸವದ ಸಂಚಿಕೆಗಳು. ಇದೇ ತಿಂಗಳುಗಳಲ್ಲಿ ದಾವಣಗೆರೆ ಮಾರುಕಟ್ಟೆಗೆ ಮೆಕ್ಕೆಜೋಳ ಬಂದು ಬೀಳುತ್ತದೆ. ಗಂಡ ಮನೆಗೆ ಬರುವುದು ರಾತ್ರಿ ಹತ್ತಾಗುತ್ತದೆ. ಮನೆಯ ಇಬ್ಬರ ಸುಗ್ಗಿಯೂ ಒಟ್ಟಿಗೇ. ಅತ್ತೆಯ ಔಷಧಿ, ಮಗನ ಓದು ಎಲ್ಲ ಒಬ್ಬರ ಮೇಲೆ.

2023ರ ಡಿಸೆಂಬರ್‌ನಲ್ಲಿ ಆಗಬಾರದ್ದು ಆಯಿತು. ಎರಡು ಶಾಲೆಗಳ ಸ್ಮರಣ ಸಂಚಿಕೆ ಒಂದೇ ವಾರದಲ್ಲಿ ಮುದ್ರಣಕ್ಕೆ ಹೋಗಬೇಕಿತ್ತು. ಶುಭ ಸಂದೇಶಗಳ ಪುಟಕ್ಕೆ ಹಿಂದಿನ ಫೈಲಿನ ಒಕ್ಕಣೆ ತೆಗೆದು ಹೆಸರು ಬದಲಿಸುವುದು ಎಲ್ಲರೂ ಮಾಡುವ ಕೆಲಸ. ರಾತ್ರಿ ಒಂದು ಗಂಟೆಗೆ ಮಾಡಿದ ಆ ಪುಟದಲ್ಲಿ ಒಂದು ಜಾಗದಲ್ಲಿ ಹೆಸರು ಬದಲಾಗಲಿಲ್ಲ. ಒಂದು ಶಾಲೆಯ ಸಂಚಿಕೆಯಲ್ಲಿ, ಗಣ್ಯರೊಬ್ಬರ ಸಂದೇಶದೊಳಗೆ, ಇನ್ನೊಂದು ಶಾಲೆಯ ಹೆಸರು ಅಚ್ಚಾಯಿತು. 500 ಪ್ರತಿ ಮುದ್ರಣವಾಗಿ ಬಂದಿತ್ತು. ಸಮಾರಂಭಕ್ಕೆ ಒಂದು ದಿನ ಮಾತ್ರ ಉಳಿದಿತ್ತು. ಸಮಿತಿಯವರು, ರೇಣುಕಾ, ಅವರ ಮಗ ಕುಳಿತು ಎಲ್ಲ ಪ್ರತಿಗಳಿಗೂ ಸ್ಟಿಕ್ಕರ್ ಅಂಟಿಸಿದರು. ಸಮಿತಿಯವರು ಒಂದು ಮಾತೂ ಬೈಯಲಿಲ್ಲ. ಅದೇ ರೇಣುಕಾ ಅವರಿಗೆ ಜಾಸ್ತಿ ನೋವಾಯಿತು.

ಮರುದಿನ ನನಗೆ ಫೋನ್ ಮಾಡಿ "ಬರೆಯೋದನ್ನೇ ಬಿಟ್ಟುಬಿಡ್ತೀನಿ ಸರ್" ಎಂದರು.

ಮಾಡಿ ನೋಡಿದ್ದು

ಅಷ್ಟರೊಳಗೆ ಅವರು ಸುಮ್ನೆ ಕುಳಿತಿರಲಿಲ್ಲ. ಆ ವರ್ಷವಿಡೀ ಒಂದಾದ ಮೇಲೊಂದು ಉಪಾಯ ಮಾಡಿ ನೋಡಿದ್ದರು. ಅವು ಯಾಕೆ ಕೈ ಹಿಡಿಯಲಿಲ್ಲ ಎಂದು ನೋಡುವುದು ಮುಖ್ಯ.

ಮೊದಲನೆಯದು ಬೆಳಿಗ್ಗೆ ನಾಲ್ಕಕ್ಕೆ ಏಳುವುದು. ಮನೆ ನಿಶ್ಶಬ್ದ, ತಲೆ ಹಗುರ. ಆ ಹೊತ್ತಿನಲ್ಲಿ ಬರೆದ ಅಂಕಣಗಳು ನಿಜಕ್ಕೂ ಚೆನ್ನಾಗಿವೆ. ಆದರೆ ರಾತ್ರಿ ಹನ್ನೊಂದರವರೆಗೆ ಬರುವ ಮೆಸೇಜು ನಿಂತಿರಲಿಲ್ಲ. ದಿನದ ಆ ತುದಿ ಬೇಗ ಶುರುವಾಯಿತು, ಈ ತುದಿ ಇದ್ದಲ್ಲೇ ಇತ್ತು. ಕಳೆದದ್ದು ನಿದ್ದೆ.

ಆಮೇಲೆ ಪೊಮೊಡೊರೊ. ಇಟಲಿಯ ಫ್ರಾನ್ಸೆಸ್ಕೊ ಸಿರಿಲೊ 1980ರ ದಶಕದ ಕೊನೆಯಲ್ಲಿ, ಓದುವ ಹುಡುಗನಾಗಿದ್ದಾಗ, ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ಕಟ್ಟಿದ ಪದ್ಧತಿ ಇದು. 25 ನಿಮಿಷ ಕೆಲಸ, 5 ನಿಮಿಷ ವಿರಾಮ. ಕರಡು ತಿದ್ದುವ ಕೆಲಸಕ್ಕೆ ಇದು ಚೆನ್ನಾಗಿ ಹೊಂದಿತು. ಕಣ್ಣಿಗೆ ಬಿಡುವು ಸಿಗುತ್ತದೆ, ತಪ್ಪು ಕಣ್ಣಿಗೆ ಬೀಳುತ್ತದೆ. ಈಗಲೂ ಅದಕ್ಕೆ ಬಳಸುತ್ತಾರೆ. ಅಂಕಣಕ್ಕೆ ಮಾತ್ರ ಒಗ್ಗಲಿಲ್ಲ. ಬರಹ ಹಿಡಿತಕ್ಕೆ ಬರುವುದೇ ಇಪ್ಪತ್ತನೇ ನಿಮಿಷಕ್ಕೆ. ಆಗ ಟೈಮರ್ ಹೊಡೆದರೆ ಸಿಟ್ಟು ಬರುತ್ತದೆ, ಅಲ್ವಾ?

ಗ್ರಂಥಾಲಯದ ಓದುವ ಕೋಣೆಗೂ ಹೋದರು. ಸುತ್ತಲೂ ಪಿಡಿಒ, ಪೊಲೀಸ್, ಕೆಎಎಸ್ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ಅವರ ನಡುವೆ ಕುಳಿತರೆ ಕೆಲಸ ಮಾಡದೆ ಇರಲು ಆಗುವುದಿಲ್ಲ ಎನ್ನುತ್ತಿದ್ದರು. ದಪ್ಪ ಪ್ರಬಂಧವೊಂದು ಅಲ್ಲಿಯೇ ಮುಗಿಯಿತು. ಆದರೆ ಫೋನ್ ಬಂದಾಗಲೆಲ್ಲ ಎದ್ದು ಹೊರಗೆ ಹೋಗಬೇಕಿತ್ತು. ಹೊರಗೆ ಹೋದಾಗಲೆಲ್ಲ ಇನ್ನೊಂದು ಕೆಲಸ ಒಪ್ಪಿಕೊಂಡು ಒಳಗೆ ಬರುತ್ತಿದ್ದರು.

ಹೊಸದಾಗಿ ಎಂಎ ಮುಗಿಸಿದ ಹುಡುಗಿಯೊಬ್ಬಳಿಗೆ ಅನುವಾದ ಹಂಚಿದರು. ಹುಡುಗಿ ಜಾಣೆ. ಆದರೆ ವಿಮೆಯ ಕರಾರಿನ ಭಾಷೆ ಕಲಿಯಲು ಹೊತ್ತು ಬೇಕು. ಕಲಿಸಲು ಇವರಿಗೆ ಹೊತ್ತಿಲ್ಲ. ಕೊನೆಗೆ ಎಲ್ಲವನ್ನೂ ಮತ್ತೆ ತಿದ್ದಿದರು. ಹುಡುಗಿಗೆ ದುಡ್ಡನ್ನೂ ಕೊಟ್ಟರು, ಏಜೆನ್ಸಿಯಿಂದ ಇನ್ನೂ ಬಂದಿಲ್ಲದ ದುಡ್ಡನ್ನು ಮನೆ ಖರ್ಚಿನಿಂದ ತೆಗೆದು.

ಈ ಕೊನೆಯ ಸಾಲನ್ನು ಅವರು ಹೀಗೇ ಹೇಳಿದ್ದರು, ಸಹಜವಾಗಿ, ಮುಂದಕ್ಕೆ ಹೋದರು. ನಾನು ಅಲ್ಲಿ ತಡೆದು ಕೇಳಿದೆ: "ಏಜೆನ್ಸಿಯಿಂದ ಎಷ್ಟು ಬರಬೇಕು?" ಅವರಿಗೆ ಗೊತ್ತಿರಲಿಲ್ಲ. ಸಂಜೆ ಡೈರಿ ನೋಡಿ ಹೇಳುತ್ತೇನೆ ಎಂದರು.

ಉದ್ರಿ ಪುಸ್ತಕ

ಡೈರಿ ಚೆನ್ನಾಗಿತ್ತು. ಯಾವ ದಿನ ಯಾವ ಕೆಲಸ ಬಂತು, ಎಂದು ಕೊಡಬೇಕು, ಎಂದು ಕೊಟ್ಟೆ, ಎಲ್ಲ ದುಂಡಗಿನ ಅಕ್ಷರದಲ್ಲಿ. ಆ ರಾತ್ರಿ ಗಂಡ ಊಟಕ್ಕೆ ಕುಳಿತಾಗ ಪುಟ ತಿರುವಿ ನೋಡಿದರಂತೆ. ದಲ್ಲಾಳಿ ಅಂಗಡಿಯಲ್ಲಿ ಜೀವನವಿಡೀ ಉದ್ರಿ ಪುಸ್ತಕ ಬರೆದ ಮನುಷ್ಯ. ಅವರು ಕೇಳಿದ್ದು ಇಷ್ಟೇ: "ಇದ್ರಾಗೆ ಕೆಲ್ಸ ಕೊಟ್ಟ ತಾರೀಖೈತೆ. ರೊಕ್ಕ ಬಂದ ತಾರೀಖು ಎಲ್ಲೈತೆ?"

ಇಡೀ ಪ್ರಕರಣ ತಿರುಗಿದ್ದು ಈ ಪ್ರಶ್ನೆಯಿಂದ. ನನ್ನ ಯಾವ ಸಲಹೆಯಿಂದಲೂ ಅಲ್ಲ.

2024ರ ಜನವರಿಯ ಒಂದು ಭಾನುವಾರ ಅವರ ಮನೆಯಲ್ಲಿ ಮೂವರೂ ಕುಳಿತೆವು. ಬ್ಯಾಂಕ್ ಪಾಸ್‌ಬುಕ್, ಫೋನ್‌ಪೇ ಪಟ್ಟಿ, ಡೈರಿ ಮುಂದಿಟ್ಟುಕೊಂಡು ಒಂದೊಂದು ಕೆಲಸದ ಪಕ್ಕದಲ್ಲಿ ಮೂರು ವಿಷಯ ಬರೆದೆವು: ಎಷ್ಟು ಹೊತ್ತು ಹಿಡಿಯಿತು, ಎಷ್ಟು ಬರಬೇಕಿತ್ತು, ಎಂದು ಬಂತು. ಬರಬೇಕಾದ ಬಾಕಿ 1,12,000 ರೂಪಾಯಿ. ಅದರಲ್ಲಿ ಏಜೆನ್ಸಿಯದು 58,000. ಎರಡು ಸಂಚಿಕೆ ಸಮಿತಿಗಳದು 21,000. ಅಭಿನಂದನ ಗ್ರಂಥದ್ದು 33,000. ವಾರವಾರ ತಪ್ಪದೆ ಕೊಡುತ್ತಿದ್ದವರು ಯೂಟ್ಯೂಬ್ ಚಾನೆಲ್‌ನ ಹುಡುಗರು. "ಅವರದು ಸಣ್ಣ ಕೆಲಸ" ಎಂದು ರೇಣುಕಾ ಯಾವಾಗಲೂ ಕೊನೆಗೆ ತಳ್ಳುತ್ತಿದ್ದದ್ದು ಅವರನ್ನೇ.

ಆಮೇಲೆ ಒಂದು ಚಾರ್ಟ್ ಹಾಳೆಯ ಮೇಲೆ ಇಡೀ ವರ್ಷವನ್ನು ಗುರುತು ಮಾಡಿದೆವು. ದುಡ್ಡು ಬರಬೇಕಾದ ದಿನ ಬಾರದೆ ಹೋದ ಕಡೆ ಕೆಂಪು. ಹೊಸ ಕೆಲಸ ಒಪ್ಪಿಕೊಂಡ ಕಡೆ ನೀಲಿ. ಮುಗಿಸಿ ನೋಡಿದರೆ ಕೆಂಪಿನ ಪಕ್ಕದಲ್ಲೇ ನೀಲಿ. ಏಜೆನ್ಸಿ ದುಡ್ಡು ತಡವಾದ ವಾರ ಒಂದು ಪ್ರಬಂಧ ಹಿಡಿದಿದ್ದಾರೆ. ಗ್ರಂಥದ ಎರಡನೇ ಕಂತು ಬಾರದ ವಾರ ಎರಡು ಸಂಚಿಕೆ. ಮಗನ ಶಾಲೆಯ ಫೀ ಕಟ್ಟುವ ತಿಂಗಳಲ್ಲಿ ಅರ್ಧ ರೇಟಿಗೆ ಒಂದು ವಾರ್ಷಿಕ ವರದಿ.

ಅಲ್ಲಿಗೆ ಗೊತ್ತಾಯಿತು. ಅವರು ಎಲ್ಲರಿಗೂ ಹೂಂ ಎನ್ನುತ್ತಿದ್ದುದಕ್ಕೆ ಸ್ವಭಾವ ಕಾರಣವಾಗಿರಲಿಲ್ಲ. ಮಾಡಿದ ಕೆಲಸದ ದುಡ್ಡು ಬಾರದೆ ಇದ್ದಾಗ ಆ ಕಂದಕ ಮುಚ್ಚಲು ಇನ್ನೊಂದು ಕೆಲಸ ಹಿಡಿಯುತ್ತಿದ್ದರು. ಅದರ ದುಡ್ಡೂ ತಡವಾಗುತ್ತಿತ್ತು. ನಾಲ್ಕಕ್ಕೆ ಎದ್ದು, ಟೈಮರ್ ಇಟ್ಟು, ಗ್ರಂಥಾಲಯಕ್ಕೆ ಹೋಗಿ ಉಳಿಸಿದ ಹೊತ್ತೆಲ್ಲ ಇನ್ನಷ್ಟು ಬಾಕಿ ಕೆಲಸಕ್ಕೇ ಹೋಗುತ್ತಿತ್ತು. ಬರೆಯುವವರಿಗೆ ನಾವು ಹೊತ್ತು ಹೊಂದಿಸುವುದನ್ನು ಕಲಿಸುತ್ತೇವೆ. ಬಿಲ್ಲು ಬರೆಯುವುದನ್ನು, ವಸೂಲಿ ಮಾಡುವುದನ್ನು ಕಲಿಸುವುದಿಲ್ಲ. ಇದು ನನಗೆ ಬಹಳ ಬೇಸರದ ವಿಷಯ.

ತೀರ್ಮಾನಗಳು

ಮೊದಲ ತೀರ್ಮಾನ ತೀರಾ ಸಣ್ಣದು. ಫೋನಿನಲ್ಲಿ ಯಾವ ಕೆಲಸಕ್ಕೂ ಆಗಲೇ ಒಪ್ಪಿಗೆ ಕೊಡುವಂತಿಲ್ಲ. "ಪುಸ್ತಕ ನೋಡಿ ಸಂಜೆ ಹೇಳ್ತೀನಿ ಸರ್." ಈ ಒಂದು ವಾಕ್ಯವನ್ನು ಕಾಗದದ ಮೇಲೆ ಬರೆದು ಕಂಪ್ಯೂಟರ್ ಪಕ್ಕ ಅಂಟಿಸಿದರು. ಸಂಜೆ ಪುಸ್ತಕ ತೆರೆದಾಗ ಎರಡು ಕಡೆ ನೋಡಬೇಕು: ಆ ವಾರ ಜಾಗ ಇದೆಯೇ, ಈ ಗ್ರಾಹಕರ ಹಳೆಯ ಬಾಕಿ ಇದೆಯೇ. ಬಾಕಿ ಇದ್ದರೆ ಮೊದಲು ಅದರ ಮಾತು.

ಎರಡನೆಯದು ಅಡ್ವಾನ್ಸ್. ಇದು ಅವರಿಗೆ ಅತ್ಯಂತ ಕಷ್ಟವಾಯಿತು. ಸಂಚಿಕೆ ಸಮಿತಿಯಲ್ಲಿರುವವರು ಮಗನ ಮೇಷ್ಟ್ರು, ಗಂಡನ ಪರಿಚಯದವರು, ಹಳೆಯ ಸಹೋದ್ಯೋಗಿಗಳು. "ನಮ್ಮೂರೋರೇ ಅಲ್ವಾ ಮೇಡಂ, ಅಡ್ವಾನ್ಸ್ ಯಾಕೆ?" ಎಂದರೆ ಬಾಯಿ ಕಟ್ಟಿಹೋಗುತ್ತದೆ. ಇಲ್ಲಿಯೂ ದಾರಿ ತೋರಿಸಿದವರು ಗಂಡನೇ. ಪ್ರೆಸ್ಸಿನವರಿಗೆ ಕಾಗದಕ್ಕೆಂದು ಸಮಿತಿಯವರು ಮೊದಲೇ ದುಡ್ಡು ಕೊಡುತ್ತಾರೆ, ಅದರಲ್ಲಿ ಯಾರಿಗೂ ಮುಜುಗರ ಇಲ್ಲ. ಆದ್ದರಿಂದ ರೇಣುಕಾ ಹೀಗೆ ಹೇಳಲು ಶುರು ಮಾಡಿದರು: "ಪ್ರೆಸ್ಸಿಗೆ ಅಡ್ವಾನ್ಸ್ ಕೊಡೋ ದಿನಾನೇ ನನ್ನದೂ ಅರ್ಧ ಕೊಟ್ಟುಬಿಡಿ ಸರ್, ಒಂದೇ ಲೆಕ್ಕದಲ್ಲಿ ಹೋಗುತ್ತೆ." ಮೊದಲ ಸಲ ಹೇಳುವಾಗ ಧ್ವನಿ ನಡುಗಿತಂತೆ. ಆ ಸಮಿತಿಯವರು ಎರಡನೇ ಮಾತಿಲ್ಲದೆ ಕೊಟ್ಟರು. ಊರಿನ ವ್ಯವಹಾರದಲ್ಲಿ ಆಗಲೇ ಇರುವ ಒಂದು ರೂಢಿಗೆ ತಮ್ಮ ಕೇಳಿಕೆಯನ್ನು ಜೋಡಿಸಿದ್ದು ಇಲ್ಲಿನ ಜಾಣತನ. ಹೊಸ ನಿಯಮ ಹೇರಿದಂತೆ ಯಾರಿಗೂ ಅನ್ನಿಸಲಿಲ್ಲ.

ಏಜೆನ್ಸಿಗೆ ಈ ದಾರಿ ನಡೆಯುವುದಿಲ್ಲ. ಅಲ್ಲಿ ಅಕೌಂಟ್ಸ್ ವಿಭಾಗ, ಅದರ ತಿಂಗಳ ಸುತ್ತು. ಇದಕ್ಕೆ ಕಾನೂನು ನೆರವಾಯಿತು. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ, ಸೇವೆ ಕೊಡುವವರಿಗೂ, ಒಂದು ಹಕ್ಕು ಕೊಟ್ಟಿದೆ. ಬರಹದಲ್ಲಿ ಒಪ್ಪಂದ ಇದ್ದರೆ ಅದರಲ್ಲಿ ಹೇಳಿದ ದಿನದೊಳಗೆ, ಅದೂ 45 ದಿನ ಮೀರದಂತೆ ದುಡ್ಡು ಕೊಡಬೇಕು. ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳ ಲೆಕ್ಕದ ಚಕ್ರಬಡ್ಡಿ. ಇದಕ್ಕೆ ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ಆಧಾರ್, ಪ್ಯಾನ್ ಕೊಟ್ಟು ನೋಂದಾಯಿಸಿಕೊಳ್ಳಬಹುದು. ಶುಲ್ಕ ಇಲ್ಲ. ದುಡ್ಡು ಕೇಳುವ ಮಧ್ಯವರ್ತಿಗಳ ಬಲೆಗೆ ಬೀಳಬೇಡಿ. ಮನೆಯಲ್ಲಿ ಕುಳಿತು ಬರೆಯುವವರು ತಮ್ಮನ್ನು ಉದ್ಯಮ ಎಂದುಕೊಳ್ಳುವುದಿಲ್ಲ. ಅಂದುಕೊಳ್ಳಬೇಕು.

ಇನ್ನೊಂದು ಅನುಕೂಲ ಆಗಷ್ಟೇ ಒದಗಿತ್ತು. 2023ರ ಹಣಕಾಸು ಕಾಯ್ದೆಯಲ್ಲಿ ಆದಾಯ ತೆರಿಗೆಗೆ ಒಂದು ಬದಲಾವಣೆ ಬಂತು. ಇಂಥ ಸಣ್ಣ ಉದ್ಯಮಗಳಿಗೆ ಮೇಲಿನ ಗಡುವಿನೊಳಗೆ ಹಣ ಕೊಡದ ಕಂಪನಿ, ಆ ಖರ್ಚನ್ನು ನಿಜವಾಗಿ ಹಣ ಕೊಟ್ಟ ವರ್ಷದಲ್ಲಿ ಮಾತ್ರ ತನ್ನ ಲೆಕ್ಕದಲ್ಲಿ ಕಳೆಯಬಹುದು. 2023–24ರ ಲೆಕ್ಕದಿಂದ ಇದು ಜಾರಿಗೆ ಬಂತು. ಅಂದರೆ ಬರಹಗಾರರಿಗೆ ತಡ ಮಾಡಿ ಮಾರ್ಚ್ ದಾಟಿಸಿದರೆ ಕಂಪನಿಯ ಆ ವರ್ಷದ ತೆರಿಗೆಯೇ ಜಾಸ್ತಿಯಾಗುತ್ತದೆ. ರೇಣುಕಾ ನೋಂದಣಿ ಮಾಡಿಸಿ, ಹೊಸ ಬಿಲ್ಲುಗಳಲ್ಲೆಲ್ಲ ಉದ್ಯಮ್ ಸಂಖ್ಯೆ ಹಾಕಿ, ಕೆಳಗೆ ಒಂದು ಸಾಲು ಸೇರಿಸಿದರು: ಕಾಯ್ದೆಯ ಪ್ರಕಾರ 45 ದಿನದೊಳಗೆ ಪಾವತಿಸಬೇಕಾಗಿ ವಿನಂತಿ. ಜೊತೆಗೆ ಅಕೌಂಟ್ಸ್ ವಿಭಾಗಕ್ಕೆ ಸೌಮ್ಯವಾದ ಒಂದು ಮೇಲ್. ಹಳೆಯ ಬಾಕಿಯಲ್ಲಿ ದೊಡ್ಡ ಪಾಲು ಮಾರ್ಚ್ ಮುಗಿಯುವ ಮೊದಲೇ ಬಂತು. ಜಗಳ ಆಗಲಿಲ್ಲ. ಇಂಥ ಬಾಕಿಗಳಿಗೆಂದೇ ಇರುವ ಸರ್ಕಾರದ ಸಮಾಧಾನ್ ಪೋರ್ಟಲ್‌ಗೆ ದೂರು ಕೊಡುವ ಪ್ರಸಂಗವೂ ಬರಲಿಲ್ಲ.

ತೆರಿಗೆಯ ಮಾತು ಬಂದಾಗ ಇನ್ನೊಂದು ಸೋರಿಕೆ ಸಿಕ್ಕಿತು. ಏಜೆನ್ಸಿ ಅವರ ದುಡ್ಡಿನಲ್ಲಿ ಶೇ 10ರಷ್ಟು ಟಿಡಿಎಸ್ (ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುತ್ತಿತ್ತು. ವೃತ್ತಿ ಶುಲ್ಕ ಆಗ ವರ್ಷಕ್ಕೆ 30,000 ದಾಟಿದರೆ ಹಿಡಿಯಬೇಕಿತ್ತು; 2025ರ ಏಪ್ರಿಲ್‌ನಿಂದ ಆ ಮಿತಿ 50,000 ಆಗಿದೆ. ರೇಣುಕಾ ಅವರ ಆದಾಯಕ್ಕೆ ತೆರಿಗೆಯೇ ಬೀಳುವುದಿಲ್ಲ. ರಿಟರ್ನ್ ಸಲ್ಲಿಸಿದರೆ ಹಿಡಿದದ್ದೆಲ್ಲ ವಾಪಸ್ ಬರುತ್ತದೆ. ಅವರು ಸಲ್ಲಿಸಿರಲಿಲ್ಲ. 2022–23ರದ್ದಕ್ಕೆ ಕೊನೆಯ ದಿನ 2023ರ ಡಿಸೆಂಬರ್ 31. ನಾವು ಕುಳಿತದ್ದು ಜನವರಿಯಲ್ಲಿ. ಆ ದುಡ್ಡು ಹೋಯಿತು. ಮುಂದಿನ ವರ್ಷದ್ದನ್ನು ಜುಲೈ ಒಳಗೆ ಸಲ್ಲಿಸಿ ರೀಫಂಡ್ ಪಡೆದರು. ಮಗನಿಗೆ ಸೈಕಲ್ ಬಂತು.

ಯಾವುದನ್ನು ಬಿಡುವುದು?

ಹಾಳೆಯ ಲೆಕ್ಕ ಹೇಳುತ್ತಿದ್ದುದು ಸ್ಪಷ್ಟ: ಅಂಕಣ ಬಿಡಿ, ಗ್ರಂಥ ಬಿಡಿ. ಎರಡಕ್ಕೂ ಹೊತ್ತು ಜಾಸ್ತಿ, ದುಡ್ಡು ಕಡಿಮೆ.

ಅಂಕಣವನ್ನು ಬಿಡುವುದಿಲ್ಲ ಎಂದರು. ಗಂಡ ಒಂದು ಸಲ ಲೆಕ್ಕ ತೋರಿಸಿದರು, ಆಮೇಲೆ ಸುಮ್ಮನಾದರು. ನನ್ನ ಪ್ರಕಾರ ಅದು ಸರಿಯಾದ ನಿರ್ಧಾರ. ಉಳಿದ ಐದು ಕೆಲಸಗಳಲ್ಲಿ ಅವರು ಬೇರೆಯವರ ಮಾತನ್ನು ಕನ್ನಡಕ್ಕೆ ತರುತ್ತಾರೆ, ತಿದ್ದುತ್ತಾರೆ, ಹೊಂದಿಸುತ್ತಾರೆ. ಅಂಕಣದಲ್ಲಿ ಮಾತ್ರ ತಮ್ಮ ಮಾತು ಬರೆಯುತ್ತಾರೆ. ಅದು ಹೋದರೆ ಉಳಿದದ್ದಕ್ಕೆ ಬೇಕಾದ ಭಾಷೆಯ ಚುರುಕೂ ಹೋಗುತ್ತದೆ. ಅಷ್ಟೇ ಅಲ್ಲ, ಅಂಕಣ ಓದಿ ಫೋನ್ ಮಾಡಿ ಕೆಲಸ ಕೊಟ್ಟವರೂ ಆ ಪಟ್ಟಿಯಲ್ಲಿದ್ದರು. ಹಾಗಾಗಿ ಅದಕ್ಕೆ ರಾತ್ರಿಯ ಜಾಗ ತೆಗೆದು ಬೆಳಗಿನ ಮೊದಲ ಜಾಗ ಕೊಟ್ಟರು. ಮಗ ಶಾಲೆಗೆ ಹೋದ ಮೇಲೆ, ಫೋನ್ ಅತ್ತೆಯ ಕೋಣೆಯಲ್ಲಿ. ಯಾರಾದರೂ ಕರೆದರೆ ಅತ್ತೆ ಎತ್ತಿ "ಬರ್ಕೊಂಡ್ ಕುಂತೈತೆ, ಆಮೇಲ್ ಮಾಡ್ರಿ" ಎನ್ನುತ್ತಾರೆ. ಈ ವ್ಯವಸ್ಥೆ ಯಾವ ಆಪ್‌ಗಿಂತಲೂ ಚೆನ್ನಾಗಿ ಕೆಲಸ ಮಾಡಿದೆ.

ಅಭಿನಂದನ ಗ್ರಂಥದ್ದು ಬೇರೆ ಕಥೆ. ಗ್ರಂಥದ ಹಿರಿಯರು ದೊಡ್ಡ ಮನುಷ್ಯರು, ನಿಜಕ್ಕೂ ಗೌರವಕ್ಕೆ ಅರ್ಹರು. ತೊಂದರೆ ಸಮಿತಿಯದು. ಲೇಖನಗಳು ಬರುತ್ತಲೇ ಇದ್ದವು, ಕೈಬರಹದಲ್ಲಿ, ನುಡಿಯಲ್ಲಿ, ಫೋಟೊ ತೆಗೆದು ವಾಟ್ಸಾಪ್‌ನಲ್ಲಿ. 300 ಪುಟ ಎಂದದ್ದು 480ಕ್ಕೆ ಹೋಗಿತ್ತು. ಒಪ್ಪಿದ ಮೊತ್ತ ಹಾಗೆಯೇ ಇತ್ತು. ಬಿಡುಗಡೆ ದಿನಾಂಕ ಮೂರು ಸಲ ಮುಂದೆ ಹೋಗಿತ್ತು. ರೇಣುಕಾ ಎರಡು ದಾರಿ ಇಟ್ಟರು: ಬಾಕಿ ಕೊಟ್ಟು, ಲೇಖನಗಳಿಗೆ ಕೊನೆಯ ದಿನ ಗೊತ್ತು ಮಾಡಿ, ಹೆಚ್ಚಿನ ಪುಟಗಳಿಗೆ ಬೇರೆ ಲೆಕ್ಕ ಹಾಕಿದರೆ ಮುಗಿಸಿಕೊಡುತ್ತೇನೆ. ಇಲ್ಲದಿದ್ದರೆ ಈವರೆಗಿನ ಫೈಲುಗಳನ್ನೆಲ್ಲ ಒಪ್ಪಿಸುತ್ತೇನೆ.

ಸಮಿತಿ ಫೈಲು ತೆಗೆದುಕೊಂಡಿತು. ಬಾಕಿಯಲ್ಲಿ 10,000 ಬಂತು, ಉಳಿದದ್ದು ಬರಲಿಲ್ಲ. ಊರಿನ ಎರಡು ಮೂರು ಸಾಹಿತ್ಯ ಕಾರ್ಯಕ್ರಮಗಳಿಗೆ ಅವರಿಗೆ ಆಹ್ವಾನ ನಿಂತಿತು. "ಹಿರಿಯರ ಕೆಲಸಕ್ಕೆ ದುಡ್ಡಿನ ಲೆಕ್ಕ ಹಾಕಿದಳು" ಎಂಬ ಮಾತು ಅವರ ಕಿವಿಗೂ ಬಿತ್ತು. ಅವರು ಅತ್ತರು. ದಾವಣಗೆರೆಯಷ್ಟು ದೊಡ್ಡ ಊರಿನಲ್ಲೂ ಬರೆಯುವವರ ಬಳಗ ಚಿಕ್ಕದು. ಎಲ್ಲರೂ ಎಲ್ಲರಿಗೂ ಗೊತ್ತು. ಕೆಲಸ ಬಿಡಲು ಕಲಿಯಿರಿ ಎಂದು ಹೇಳುವವರು ಈ ಬೆಲೆಯನ್ನೂ ಹೇಳಬೇಕು.

ಒಂದು ವರ್ಷದ ನಂತರ

2025ರ ಜನವರಿಯಲ್ಲಿ ಮತ್ತೆ ಪುಸ್ತಕ ತೆರೆದೆವು. ಕೆಲಸಗಳ ಸಂಖ್ಯೆ ಹಿಂದಿನ ವರ್ಷದ ಮೂರರಲ್ಲಿ ಎರಡು ಪಾಲಿಗೆ ಇಳಿದಿತ್ತು. ಕೈಗೆ ಬಂದ ದುಡ್ಡು ಸ್ವಲ್ಪ ಏರಿತ್ತು. ಗ್ರಂಥದ ಬಾರದ ದುಡ್ಡು ಬಿಟ್ಟರೆ ಬಾಕಿ 19,000ಕ್ಕೆ ಇಳಿದಿತ್ತು. ಅದರಲ್ಲೂ ಬಹುಪಾಲು ಗಡುವು ದಾಟದ ಬಿಲ್ಲುಗಳು. ಅಂಕಣ ಒಂದೂ ತಪ್ಪಿರಲಿಲ್ಲ. ನುಡಿ-ಯುನಿಕೋಡ್ ಪರಿವರ್ತನೆಯನ್ನು ಪೂರ್ತಿ ಡಿಟಿಪಿ ಅಂಗಡಿಯ ಹುಡುಗನಿಗೆ ವಹಿಸಿದ್ದಾರೆ. ಅದರ ಖರ್ಚನ್ನು ಸಂಚಿಕೆಯ ಬಿಲ್ಲಿನಲ್ಲಿ ಬೇರೆ ಸಾಲಾಗಿ ಬರೆಯುತ್ತಾರೆ. ಶುಭ ಸಂದೇಶದ ಪುಟವನ್ನು ಮಾತ್ರ ಸಮಿತಿಯವರಿಂದ ಸಹಿ ಹಾಕಿಸಿಕೊಂಡೇ ಪ್ರೆಸ್ಸಿಗೆ ಕಳಿಸುತ್ತಾರೆ.

ಎಲ್ಲ ಸರಿಹೋಗಿಲ್ಲ. ಅಕ್ಟೋಬರ್, ನವೆಂಬರ್ ಈಗಲೂ ಕಷ್ಟವೇ. ಮೆಕ್ಕೆಜೋಳದ ಸುಗ್ಗಿಯನ್ನು ಯಾರೂ ಮುಂದೆ ಹಾಕಲು ಆಗುವುದಿಲ್ಲ, ದೀಪಾವಳಿಯನ್ನೂ ಹಾಕಲು ಆಗುವುದಿಲ್ಲ. ಆ ಎರಡು ತಿಂಗಳು ಹೊಸ ಅನುವಾದ ಹಿಡಿಯುವುದಿಲ್ಲ ಎಂದು ಬರೆದುಕೊಂಡಿದ್ದರು. ಒಂದನ್ನು ಹಿಡಿದರು, ಅತ್ತೆಯ ಕಣ್ಣಿನ ಆಪರೇಷನ್ ಇತ್ತು.

ಈ ಪ್ರಕರಣವನ್ನು ತಮ್ಮದಕ್ಕೆ ಹೋಲಿಸಿಕೊಳ್ಳುವವರು ಒಂದನ್ನು ಗಮನದಲ್ಲಿಡಬೇಕು. ರೇಣುಕಾ ಅವರ ಮನೆಯಲ್ಲಿ ಇನ್ನೊಂದು ಸಂಬಳ ಇತ್ತು. "ಸಂಜೆ ಹೇಳ್ತೀನಿ" ಎನ್ನಲು, ಅಡ್ವಾನ್ಸ್ ಬರುವವರೆಗೆ ಕಾಯಲು ಅದು ಧೈರ್ಯ ಕೊಟ್ಟಿತು. ಬರವಣಿಗೆಯೊಂದರಿಂದಲೇ ಮನೆ ನಡೆಸುವವರಿಗೆ ಒಂದೇ ಸಲ ಇಷ್ಟು ಬದಲಾವಣೆ ಮಾಡಲು ಆಗಲಿಕ್ಕಿಲ್ಲ. ಅಂಥವರಿಗೆ ನಾನು ಹೇಳುವುದು, ಬಾಕಿಯ ಪುಸ್ತಕ ಮೊದಲು ಶುರು ಮಾಡಿ. ಅದಕ್ಕೆ ಯಾರ ಒಪ್ಪಿಗೆಯೂ ಬೇಡ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಯಾರನ್ನು ಕೇಳಬೇಕು, ಯಾವುದನ್ನು ಬಿಡಬೇಕು ಎಂಬುದು ಎರಡು ಮೂರು ತಿಂಗಳ ಪುಟಗಳಲ್ಲೇ ಕಾಣುತ್ತದೆ.

ಈಗ ಹೊಸದೊಂದು ಬಂದಿದೆ. ಏಜೆನ್ಸಿಯವರು ಯಂತ್ರದಿಂದ ಅನುವಾದ ಮಾಡಿಸಿದ ಕನ್ನಡವನ್ನು ಕಳಿಸಿ, ಸುಮ್ನೆ ತಿದ್ದಿ ಕೊಡಿ, ಪದಕ್ಕೆ 50 ಪೈಸೆ ಎನ್ನುತ್ತಿದ್ದಾರೆ. ಹಿಂದಿನ ರೇಣುಕಾ ಆಗಿದ್ದರೆ ಅಲ್ಲೇ ಒಪ್ಪಿಬಿಡುತ್ತಿದ್ದರು. ಈ ಸಲ ಸಂಜೆ ಹೇಳುತ್ತೇನೆ ಎಂದರು. ಒಂದು ಫೈಲನ್ನು ಮಾದರಿಗಾಗಿ ಮಾಡಿ, ಹೊತ್ತು ಬರೆದಿಟ್ಟರು. ಒಂದು ಸಾಲಿನಲ್ಲಿ "ನೀವು", ಮುಂದಿನ ಸಾಲಿನಲ್ಲಿ "ನೀನು". ಕರಾರಿನ ಷರತ್ತು ತಲೆಕೆಳಗು. ಒಂದೇ ಬಟನ್‌ಗೆ ಮೂರು ಪುಟದಲ್ಲಿ ಮೂರು ಹೆಸರು. ತಾವೇ ಹೊಸದಾಗಿ ಅನುವಾದ ಮಾಡಿದರೆ ಹಿಡಿಯುವಷ್ಟೇ ಹೊತ್ತು ತಿದ್ದುವುದಕ್ಕೂ ಹಿಡಿಯಿತು. ಆ ಲೆಕ್ಕವನ್ನು ಹಾಗೆಯೇ ಏಜೆನ್ಸಿಗೆ ಕಳಿಸಿ, ತಿದ್ದುವ ಕೆಲಸಕ್ಕೆ ಗಂಟೆಯ ಲೆಕ್ಕದಲ್ಲಿ ಕೊಡಿ ಎಂದು ಕೇಳಿದ್ದಾರೆ. ವಿಮೆಯ ಫೈಲುಗಳಿಗೆ ಏಜೆನ್ಸಿ ಒಪ್ಪಿದೆ. ಆಪ್‌ಗಳ ಫೈಲುಗಳ ಬಗ್ಗೆ ಮಾತುಕತೆ ನಡೆಯುತ್ತಿದೆ.